ಅಂಕಕಾರನಿಂದ ಕಾಳಗದ ಯಂತ್ರದವರೆಗೆ: ಸರಿಜೋಡಿಯ ಪ್ರಶ್ನೆ

ರಾಜ್ಯಕ್ಕಾಗಿ ನಡೆದ ಯುದ್ಧಗಳ ಇತಿಹಾಸವನ್ನು ನಾವು ತಕ್ಕಮಟ್ಟಿಗೆ ಬರೆದುಕೊಂಡಿದ್ದೇವೆ. ರಕ್ಕಸಗಿ-ತಂಗಡಗಿಯ ಕದನ ಯಾವಾಗ ನಡೆಯಿತೆಂದು ಕೇಳಿದರೆ ಪ್ರೌಢಶಾಲೆಯ ಹುಡುಗನೂ ೧೫೬೫ ಎಂದು ಹೇಳಿಯಾನು. ಆದರೆ ಜನರು ನೆರೆದು ನೋಡಲೆಂದೇ ಏರ್ಪಡಿಸಿದ, ಯಾರು ಗೆದ್ದರೂ ಒಂದು ಗೇಣು ನೆಲ ಕೈಬದಲಾಗದ ಕಾಳಗಗಳು ನಮ್ಮ ಗ್ರಂಥಗಳಲ್ಲಿ ‘ಜನಜೀವನ’ವೆಂಬ ಕಡೆಯ ಅಧ್ಯಾಯದ ಕಡೆಯ ಪುಟದಲ್ಲಿ ಎರಡು ವಾಕ್ಯಗಳಿಗೆ ಮುಗಿದುಹೋಗುತ್ತವೆ. ಇದು ನ್ಯಾಯವಲ್ಲವೆಂದು ನನಗೆ ಮೊದಲಿನಿಂದಲೂ ಅನ್ನಿಸುತ್ತಿದ್ದರೂ ಆ ಅನಿಸಿಕೆಗೆ ಒಂದು ಸ್ಪಷ್ಟ ರೂಪ ಬಂದದ್ದು ಇತ್ತೀಚೆಗೆ. ಅದೂ ಇತಿಹಾಸಕ್ಕೆ ಹೊರಗಿನವನೊಬ್ಬನು ಕೇಳಿದ ಪ್ರಶ್ನೆಯಿಂದ.

ನನ್ನ ವಿದ್ಯಾರ್ಥಿಯೊಬ್ಬನ ತಮ್ಮನು ಎಂಜಿನಿಯರಿಂಗ್ ಓದುತ್ತಿರುವ ತರುಣ. ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಕಡೆಯ ಮೂವರು ಗೆಳೆಯರೊಡನೆ ಕೂಡಿ ಅವನು ಒಂದು ಕಾಳಗದ ಯಂತ್ರವನ್ನು ಕಟ್ಟಿದ್ದನು. ಕಟ್ಟಿದ ಸ್ಥಳ ಗಂಗಾವತಿಯಲ್ಲಿ ಅಕ್ಕಿಗಿರಣಿಗಳ ಯಂತ್ರಗಳನ್ನು ದುರಸ್ತಿ ಮಾಡುವ ಒಂದು ವರ್ಕ್‌ಶಾಪು. ಲೇಥು ಅಲ್ಲಿಯೇ ಇತ್ತು; ಬೇರಿಂಗು, ಶಾಫ್ಟು, ಬೆಲ್ಟುಗಳ ಮರ್ಮವನ್ನು ಬಲ್ಲ ಮೇಸ್ತ್ರಿಯೂ ಇದ್ದನು. ಯಂತ್ರವು ೧೫ ಕಿಲೋ ವರ್ಗದ್ದು. ಸ್ಪರ್ಧೆಯ ದಿನ ತಕ್ಕಡಿಯ ಮೇಲಿಟ್ಟಾಗ ೬೦೦ ಗ್ರಾಂ ಹೆಚ್ಚಾಯಿತು. ತರುಣರು ಗಡಿಬಿಡಿಯಲ್ಲಿ ಉಕ್ಕಿನ ಕವಚದ ಹಲಗೆಗೆ ಸಾಲಾಗಿ ರಂಧ್ರಗಳನ್ನು ಕೊರೆದು ತೂಕವನ್ನು ಇಳಿಸಿದರು. ಎರಡನೆಯ ಕಾಳಗದಲ್ಲಿ ಆ ಹಲಗೆಯು ರಂಧ್ರಗಳ ಸಾಲಿನ ಗುಂಟ, ಅಂಚೆಚೀಟಿ ಹರಿದ ಹಾಗೆ, ಹರಿದುಹೋಯಿತು. ಸೋತು ಬಂದವನು ನನ್ನನ್ನು ಕೇಳಿದ್ದು ಇಷ್ಟೆ: “ಸರ್, ಈ ತೂಕ ಕಟ್ಟೋ ಪದ್ಧತೀನ ಮೊದಲು ಯಾರು ತಂದರು?”

ತೂಕದ ಪ್ರಶ್ನೆಯು ನಿಜವಾಗಿ ಸರಿಜೋಡಿಯ ಪ್ರಶ್ನೆ. ಕಾದುವ ಇಬ್ಬರನ್ನು ಯಾವ ಅಳತೆಯಿಂದ ಸಮಾನರೆಂದು ಎಣಿಸಬೇಕು? ನೋಡುವವರಿಗಾಗಿ ನಡೆಯುವ ಪ್ರತಿಯೊಂದು ಕಾಳಗವೂ ಈ ಪ್ರಶ್ನೆಗೆ ತನ್ನದೇ ಒಂದು ಉತ್ತರವನ್ನು ಕೊಟ್ಟುಕೊಂಡಿದೆ. ಆ ಉತ್ತರವೇ ಮುಂದೆ ಕಾದುವವನ ಮೈಯನ್ನು ರೂಪಿಸಿದೆ. ಕಾಳಗದ ಯಂತ್ರವನ್ನು ಅದರ ನಿರ್ಮಾಪಕನು ಅರ್ಧ ಕಟ್ಟುತ್ತಾನೆ, ಕಣದ ಕಟ್ಟುಪಾಡು ಉಳಿದರ್ಧವನ್ನು ಕಟ್ಟುತ್ತದೆ ಎಂಬುದನ್ನು ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ.

ದೂರದರ್ಶನದ ಯಂತ್ರಕಾಳಗಗಳ ವೃತ್ತಾಂತವನ್ನು ಮೊದಲು ಸಂಕ್ಷೇಪವಾಗಿ ಹೇಳಿಬಿಡುತ್ತೇನೆ. ಅಮೆರಿಕೆಯ ಡೆನ್ವರ್ ನಗರದಲ್ಲಿ ೧೯೮೭ರಲ್ಲಿ ನಡೆದ ‘ಕ್ರಿಟರ್ ಕ್ರಂಚ್’ ಎಂಬ ಸ್ಪರ್ಧೆಯನ್ನು ಇವುಗಳ ಮೂಲವೆಂದು ಸಾಮಾನ್ಯವಾಗಿ ಹೇಳುತ್ತಾರೆ. ೧೯೯೪ರಲ್ಲಿ ಮಾರ್ಕ್ ಥಾರ್ಪ್ ಎಂಬಾತನು ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ‘ರೋಬೋಟ್ ವಾರ್ಸ್’ ಎಂಬ ಹೆಸರಿನಿಂದ ಇಂಥ ಕಾಳಗಗಳನ್ನು ಏರ್ಪಡಿಸಿದನು. ಅದೇ ಹೆಸರಿನ ಕಾರ್ಯಕ್ರಮವು ೧೯೯೮ರಲ್ಲಿ ಬಿ.ಬಿ.ಸಿ.ಯಲ್ಲಿ ಪ್ರಾರಂಭವಾಯಿತು. ‘ಬ್ಯಾಟಲ್‌ಬಾಟ್ಸ್’ ಎಂಬ ಅಮೆರಿಕದ ಸ್ಪರ್ಧೆಯು ೧೯೯೯ರಲ್ಲಿ ಹುಟ್ಟಿ, ೨೦೦೦ದಿಂದ ೨೦೦೨ರವರೆಗೆ ದೂರದರ್ಶನದಲ್ಲಿ ನಡೆದು, ನಿಂತು, ೨೦೧೫ರಲ್ಲಿ ಮತ್ತೆ ಚಿಗುರಿತು. ನಮ್ಮ ದೇಶದಲ್ಲಿ ಮುಂಬಯಿಯ ಐ.ಐ.ಟಿ.ಯ ಟೆಕ್‌ಫೆಸ್ಟ್ ಉತ್ಸವದ ‘ರೋಬೋವಾರ್ಸ್’ ಈ ಬಗೆಯ ಸ್ಪರ್ಧೆಗಳಲ್ಲಿ ಹೆಸರಾದದ್ದು. ಇವುಗಳಲ್ಲಿ ಕಾದುವ ಯಂತ್ರಗಳನ್ನು ‘ಯಂತ್ರಮಾನವ’ ಎನ್ನುವುದು ಅಷ್ಟು ಸರಿಯಲ್ಲ. ೧೯೨೦ರಲ್ಲಿ ಕಾರೆಲ್ ಚಾಪೆಕ್‌ನ ನಾಟಕವು ‘ರೋಬೋಟ್’ ಎಂಬ ಶಬ್ದವನ್ನು ಜಗತ್ತಿಗೆ ಕೊಟ್ಟಾಗ ಅದಕ್ಕೆ ಮನುಷ್ಯನ ರೂಪವಿತ್ತು. ಇವಕ್ಕೆ ಆ ರೂಪವೂ ಇಲ್ಲ, ಸ್ವಂತ ಬುದ್ಧಿಯೂ ಬಹುಮಟ್ಟಿಗೆ ಇಲ್ಲ. ಕಣದ ಹೊರಗೆ ನಿಂತವನು ರೇಡಿಯೋ ಅಲೆಗಳ ಮೂಲಕ ಆಡಿಸಿದಂತೆ ಇವು ಆಡುತ್ತವೆ. ಆದ್ದರಿಂದ ಇವನ್ನು ಕಾಳಗದ ಯಂತ್ರಗಳೆಂದೇ ಕರೆಯುತ್ತೇನೆ.

ಇನ್ನು ನಮ್ಮ ನೆಲಕ್ಕೆ ಬರೋಣ. ೧೯೯೭ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಹೊಸ ಜಿಲ್ಲೆಯಾದ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ತಾಲೂಕುಗಳ ನಾಡು ಕಲ್ಯಾಣದ ಚಾಲುಕ್ಯರ ರಾಜ್ಯದ ಒಳನಾಡಾಗಿತ್ತು. ಹಳೆಯ ಯಲಬುರ್ಗಾ ತಾಲೂಕಿನ ಇಟಗಿಯಲ್ಲಿ ಆರನೆಯ ವಿಕ್ರಮಾದಿತ್ಯನ ದಂಡನಾಯಕನಾದ ಮಹಾದೇವನು ೧೧೧೨ರಲ್ಲಿ ಕಟ್ಟಿಸಿದ ಗುಡಿಯನ್ನು ನಮ್ಮ ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಆ ಗುಡಿ ಎದ್ದು ಹದಿನೇಳು ವರ್ಷಗಳಾಗಿದ್ದಾಗ, ಅಂದರೆ ೧೧೨೯ರಲ್ಲಿ, ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರನು ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ಬರೋಡೆಯ ಗಾಯಕವಾಡ ಗ್ರಂಥಮಾಲೆಯಲ್ಲಿ ಅಚ್ಚಾಗಿರುವ ಈ ಕೃತಿಯನ್ನು ನಾವು ಸಾಮಾನ್ಯವಾಗಿ ಅಡುಗೆ, ಸಂಗೀತ, ಚಿತ್ರಕಲೆಗಳ ಸಲುವಾಗಿ ತೆರೆಯುತ್ತೇವೆ. ಅದರ ವಿನೋದವಿಂಶತಿಯೆಂಬ ಭಾಗದಲ್ಲಿ ಇಪ್ಪತ್ತು ವಿನೋದಗಳಿವೆ. ಎಣಿಸಿ ನೋಡಿದರೆ ಅಂಕ, ಮಲ್ಲ, ಕುಕ್ಕುಟ, ಲಾವಕ, ಮೇಷ, ಮಹಿಷ ಎಂದು ಆರು ವಿನೋದಗಳು ಜೋಡಿಕಾಳಗಗಳಿಗೇ ಮೀಸಲಾಗಿವೆ. ಹುಂಜಕ್ಕೊಂದು, ಲಾವುಗೆ ಹಕ್ಕಿಗೊಂದು, ಟಗರಿಗೊಂದು, ಕೋಣಕ್ಕೊಂದು ಬೇರೆ ಬೇರೆ ಅಧ್ಯಾಯ! ಆಳುವ ಅರಸನೇ ಇದನ್ನು ಶಾಸ್ತ್ರಕ್ಕೆ ತಕ್ಕ ವಸ್ತುವೆಂದು ಭಾವಿಸಿದ್ದನೆಂಬುದನ್ನು ಗಮನಿಸಬೇಕು.

ಇವುಗಳಲ್ಲಿ ಅಂಕವಿನೋದವು ನಮಗೆ ವಿಶೇಷವಾದುದು. ‘ಅಂಕಕಾರ’ನೆಂದರೆ ಕಣದಲ್ಲಿ ಒಬ್ಬನಿಗೊಬ್ಬನಾಗಿ ಕಾದುವ ವೀರ. ಒಡೆಯನ ಅಂಕಕಾರನೆಂಬ ಅರ್ಥದ ಬಿರುದುಗಳನ್ನು ನಮ್ಮ ಶಾಸನಗಳನ್ನು ಓದಿದವರೆಲ್ಲ ಕಂಡಿರುತ್ತಾರೆ. ಆ ಶಬ್ದದ ಮೊದಲರ್ಧ ಇಂದಿಗೂ ಸತ್ತಿಲ್ಲ. ಕರಾವಳಿಯಲ್ಲಿ ಹುಂಜಗಳ ಕಾದಾಟಕ್ಕೆ ‘ಕೋಳಿ ಅಂಕ’ವೆಂದೇ ಹೆಸರು. ಮನುಷ್ಯನ ಕಾಳಗಕ್ಕಿದ್ದ ಹೆಸರು ಕೋಳಿಯ ಕಾಳಗಕ್ಕೆ ನಿಂತದ್ದು ಶಬ್ದಚರಿತ್ರೆಯ ಒಂದು ವಿನೋದವೇ ಸರಿ.

ಸರಿಜೋಡಿಯ ಪ್ರಶ್ನೆಗೆ ನೇರವಾದ ಉತ್ತರವಿರುವುದು ಮಲ್ಲವಿನೋದದಲ್ಲಿ. ಸೋಮೇಶ್ವರನು ಜಟ್ಟಿಗಳನ್ನು ವಯಸ್ಸು, ಮೈಕಟ್ಟು, ಬಲ, ಕೌಶಲಗಳನ್ನು ನೋಡಿ ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಲ ಎಂದು ವಿಂಗಡಿಸುತ್ತಾನೆ. ಅವರ ಆಹಾರವನ್ನು ಹೇಳುತ್ತಾನೆ. ಆಮೇಲೆ ಅವರ ‘ಶ್ರಮ’ಗಳನ್ನು ಹೇಳುತ್ತಾನೆ: ಭಾರವನ್ನೆತ್ತುವ ಭಾರಶ್ರಮ, ನಡೆದು ಓಡುವ ಭ್ರಮಣಶ್ರಮ, ಈಜಿನ ಸಲಿಲಶ್ರಮ, ಕಂಬವನ್ನೇರಿ ಮಾಡುವ ಸ್ತಂಭಶ್ರಮ ಇತ್ಯಾದಿ. ನಮ್ಮ ಊರುಗಳ ಗರಡಿಮನೆಗಳಲ್ಲಿ ಕಂಬವನ್ನು ಕಂಡವರಿಗೆ ಈ ಕೊನೆಯದನ್ನು ವಿವರಿಸಬೇಕಾಗಿಲ್ಲ. ಇಲ್ಲಿ ತಕ್ಕಡಿಯಿಲ್ಲ. ಸಮಾನತೆಯನ್ನು ನಿರ್ಣಯಿಸುವುದು ಬಲ್ಲವರ ಕಣ್ಣು. ಆದರೂ ವರ್ಗ ಮೊದಲು, ಕಾಳಗ ಆಮೇಲೆ ಎಂಬ ಕ್ರಮ ಮಾತ್ರ ಸ್ಥಿರವಾಗಿ ನಿಂತಿದೆ. ಅಷ್ಟೇ ಅಲ್ಲ, ವರ್ಗಕ್ಕೆ ತಕ್ಕಂತೆ ಮೈಯನ್ನು ಬೆಳೆಸುವ ವಿಧಾನವೂ ಅದರ ಬೆನ್ನಿಗೇ ಬಂದಿದೆ.

ಸುಮಾರು ನಾಲ್ಕು ಶತಮಾನಗಳ ಅನಂತರ ಪೋರ್ಚುಗೀಸರು ಬರೆದಿಟ್ಟ ವೃತ್ತಾಂತಗಳಲ್ಲಿ ಇದೇ ಪ್ರಶ್ನೆ ಮತ್ತೆ ಎದುರಾಗುತ್ತದೆ. ವಿಜಯನಗರಕ್ಕೆ ಸೇರಿದ್ದ ಭಟಕಳದ ದ್ವಂದ್ವಯುದ್ಧಗಳನ್ನು ವರ್ಣಿಸುತ್ತ ಬಾರ್ಬೋಸನು, ಇಬ್ಬರ ಆಯುಧಗಳನ್ನೂ ಅಳೆದು ಸಮನಾದುವನ್ನೇ ಕೊಡುತ್ತಿದ್ದರೆಂದು ಹೇಳಿದ್ದಾನೆ. ಅಲ್ಲಿ ಮೈ ಹೇಗಾದರೂ ಇರಲಿ, ಕತ್ತಿ ಸಮನಿರಬೇಕು. ೧೫೨೦ರ ಸುಮಾರಿಗೆ ಮಹಾನವಮಿಯ ಉತ್ಸವವನ್ನು ಕಣ್ಣಾರೆ ಕಂಡ ಡೊಮಿಂಗೊ ಪಾಯೆಸನ ಮಾತು ಇನ್ನೂ ಬೆಲೆಯುಳ್ಳದ್ದು. ಗಂಗಾವತಿ ತಾಲೂಕಿನ ಆನೆಗೊಂದಿಯಿಂದ ಹೊಳೆಯಾಚೆಗಿರುವ ಅರಮನೆಯ ಅಂಗಳದಲ್ಲಿ ಜಟ್ಟಿಗಳು ಹಲ್ಲು ಮುರಿಯುವಂತೆ, ಕಣ್ಣು ಹೋಗುವಂತೆ ಹೊಡೆದಾಡುತ್ತಿದ್ದರು. ಮಾತನಾಡಲಾಗದಷ್ಟು ಪೆಟ್ಟು ತಿಂದವರನ್ನು ಗೆಳೆಯರು ಎತ್ತಿಕೊಂಡು ಹೋಗುತ್ತಿದ್ದರು. ಆದರೆ ಅಷ್ಟು ಕ್ರೂರವಾದ ಕಣದಲ್ಲಿಯೂ ಇಬ್ಬರನ್ನು ಸಮಾನ ನೆಲೆಯಲ್ಲಿ ನಿಲ್ಲಿಸುವುದಕ್ಕೆ, ಗೆದ್ದವನಿಗೆ ಸಲ್ಲುವ ಮರ್ಯಾದೆಯನ್ನು ನಿರ್ಣಯಿಸುವುದಕ್ಕೆ ನಾಯಕರೂ ತೀರ್ಪುಗಾರರೂ ಇದ್ದರೆಂದು ಪಾಯೆಸನು ಹೇಳುತ್ತಾನೆ. ರಕ್ತವನ್ನು ಕಂಡು ಬೆರಗಾದ ಪರದೇಶಿಯ ಕಣ್ಣಿಗೆ ತೀರ್ಪುಗಾರನೂ ಬಿದ್ದನೆಂಬುದೇ ನನಗೆ ಮುಖ್ಯವಾಗಿ ತೋರುತ್ತದೆ.

ಅರಸೊತ್ತಿಗೆ ಹೋದರೂ ಈ ಬಗೆಯ ವಿಂಗಡಣೆ ಹೋಗಲಿಲ್ಲ. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಟಗರಿನ ಕಾಳಗವೆಂದರೆ ಮೊದಲು ಬಾಯಿ ಬಿಡಿಸಿ ಹಲ್ಲು ನೋಡುವುದು. ಹಾಲುಹಲ್ಲು, ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಎಂಟು ಹಲ್ಲು ಎಂದು ವರ್ಗಗಳು. ಹಲ್ಲಿನ ಲೆಕ್ಕವೆಂದರೆ ವಯಸ್ಸಿನ ಲೆಕ್ಕ. ಅಳತೆ ವಯಸ್ಸಿನದಾದ್ದರಿಂದ ಸಾಕುವವನ ಜಾಣತನವೆಲ್ಲ ಅಷ್ಟೇ ಹಲ್ಲಿಗೆ ಎಷ್ಟು ಹೆಚ್ಚು ಮೈ ತುಂಬಿಸಬಹುದು ಎಂಬುದರ ಕಡೆಗೆ ತಿರುಗುತ್ತದೆ. ಕಟ್ಟುಪಾಡು ಬಿಟ್ಟ ಸಂದಿಯಲ್ಲಿಯೇ ಮೈ ಬೆಳೆಯುತ್ತದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಾಗಿಲ್ಲ. ೧೯೬೦ರ ಪ್ರಾಣಿಹಿಂಸೆ ತಡೆ ಕಾಯಿದೆಯು ಪ್ರಾಣಿಗಳನ್ನು ಕಾದಾಟಕ್ಕೆ ಹಚ್ಚುವುದನ್ನು ಅಪರಾಧವೆಂದು ಎಣಿಸಿದೆ. ಅದು ಯೋಗ್ಯವಾದುದೇ ಎಂದು ನನ್ನ ಅಭಿಪ್ರಾಯ. ಟಗರು ತಾನಾಗಿ ಕಣಕ್ಕೆ ಇಳಿದುದಲ್ಲ.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳದೆ ಮುಂದುವರಿಯಲಾರೆ. ಇಂಥ ವಿಷಯವನ್ನೆತ್ತಿದೊಡನೆ ‘ನಮ್ಮ ಪೂರ್ವಿಕರಲ್ಲಿಯೂ ರೋಬೋಗಳಿದ್ದುವು’ ಎಂದು ಹೇಳುವವರು ಎದ್ದು ನಿಲ್ಲುತ್ತಾರೆ. ಅವರು ತೋರಿಸುವ ಆಧಾರ ಧಾರಾನಗರದ ಭೋಜರಾಜನ ‘ಸಮರಾಂಗಣ ಸೂತ್ರಧಾರ’. ಈ ಭೋಜನು ನಮ್ಮ ಚಾಲುಕ್ಯರ ಸಮಕಾಲೀನ, ಅವರ ವೈರಿ. ಒಂದನೆಯ ಸೋಮೇಶ್ವರನ ಸೈನ್ಯವು ಧಾರೆಯನ್ನು ಸೂರೆಗೊಂಡಿತ್ತು. ಆ ಗ್ರಂಥದ ಯಂತ್ರಾಧ್ಯಾಯದಲ್ಲಿ ಚಲಿಸುವ ಮರದ ಬೊಂಬೆಗಳೂ ಬಾಗಿಲು ಕಾಯುವ ಯಂತ್ರಪುರುಷರೂ ಬರುವುದು ನಿಜ. ಆದರೆ ಯಂತ್ರಗಳ ರಚನೆಯನ್ನು ಗೋಪ್ಯಕ್ಕಾಗಿ ಪೂರ್ತಿಯಾಗಿ ಹೇಳಿಲ್ಲವೆಂದು ಆ ಗ್ರಂಥವೇ ಒಪ್ಪಿಕೊಂಡಿದೆ. ಗ್ರಂಥದಲ್ಲಿ ಯಂತ್ರದ ವರ್ಣನೆ ದೊರೆತರೆ ಯಂತ್ರವೇ ದೊರೆತಂತಲ್ಲ. ಇತಿಹಾಸದ ಅಧ್ಯಾಪಕರಾದ ನಾವು ತರಗತಿಯಲ್ಲಿ ಈ ಭೇದವನ್ನು ಬಿಟ್ಟುಕೊಟ್ಟರೆ ಮಿಕ್ಕ ಯಾವ ಪಾಠಕ್ಕೂ ಬೆಲೆಯುಳಿಯುವುದಿಲ್ಲ.

ಕಂಡವನು ಬರೆದಿಟ್ಟದ್ದು ಬೇರೆ ಮಾತು. ಹೆರಾತಿನ ಶಾಹರುಖನ ರಾಯಭಾರಿಯಾಗಿ ಇಮ್ಮಡಿ ದೇವರಾಯನ ಆಸ್ಥಾನಕ್ಕೆ ಬಂದಿದ್ದ ಅಬ್ದುರ್ ರಜಾಕನು ೧೪೪೩ರ ಉತ್ಸವದಲ್ಲಿ ಸುತ್ತ ತಿರುಗಿ ಹೊಸ ಹೊಸ ಮುಖಗಳನ್ನು ತೋರಿಸುವ ಮಂಟಪಗಳನ್ನು ಕಂಡನು. ತೊಲೆಯ ಒಂದು ತುದಿಗೆ ಆನೆಯಷ್ಟೇ ತೂಕದ ಕಲ್ಲು, ಇನ್ನೊಂದು ತುದಿಯಲ್ಲಿ ವಾದ್ಯದ ಗತಿಗೆ ತಕ್ಕಂತೆ ಏರಿಳಿಯುವ ಆನೆ, ಇದನ್ನೂ ಕಂಡನು. ಇವು ನೋಟದ ಯಂತ್ರಗಳೇ ಹೊರತು ಕಾಳಗದ ಯಂತ್ರಗಳಲ್ಲ. ಕಾದುವವನನ್ನು ಆಡಿಸುವವನಿಂದ ಬೇರ್ಪಡಿಸಿದ ಕಲೆ ನಮ್ಮ ನಾಡಿನಲ್ಲಿ ಯಾವುದೆಂದು ಕೇಳಿದರೆ ನಾನು ತೊಗಲುಬೊಂಬೆಯಾಟವನ್ನು ತೋರಿಸುತ್ತೇನೆ. ಕೊಪ್ಪಳ ತಾಲೂಕಿನ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ ೨೦೨೫ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದುದನ್ನು ಎಲ್ಲರೂ ಬಲ್ಲರು. ಪರದೆಯ ಮೇಲೆ ರಾಮ-ರಾವಣರು ಹೊಡೆದಾಡುತ್ತಾರೆ. ಆಡಿಸುವವರ ಕೈ ಪರದೆಯ ಹಿಂದಿದೆ. ಪೆಟ್ಟು ಬೀಳುವುದು ಹದಮಾಡಿದ ಆಡಿನ ತೊಗಲಿಗೆ. ಆದರೆ ಅಲ್ಲಿ ಯಾರು ಗೆಲ್ಲಬೇಕೆಂಬುದು ಕಥೆಯಲ್ಲಿ ಮೊದಲೇ ನಿಶ್ಚಯವಾಗಿರುವುದರಿಂದ ಸರಿಜೋಡಿಯ ಪ್ರಶ್ನೆಯೇ ಹುಟ್ಟುವುದಿಲ್ಲ.

ಇಂದಿನ ಯಂತ್ರದಲ್ಲಿ ಈ ಎರಡೂ ಕೂಡಿಕೊಂಡಿವೆ. ಬೊಂಬೆಯಂತೆ ಮೈ ನಿರ್ಜೀವ, ಅಂಕದಂತೆ ಫಲ ಅನಿಶ್ಚಿತ. ಸರಿಜೋಡಿಯ ಅಳತೆ ತಕ್ಕಡಿ. ೨೦೧೫ರ ಅನಂತರದ ಬ್ಯಾಟಲ್‌ಬಾಟ್ಸ್‌ನಲ್ಲಿ ಪರಮಾವಧಿ ತೂಕ ೨೫೦ ಪೌಂಡು, ಅಂದರೆ ಸುಮಾರು ೧೧೩ ಕಿಲೋ. ಈ ಒಂದು ಸಂಖ್ಯೆಯಿಂದ ಯಂತ್ರದ ರಚನೆಯೆಲ್ಲ ಹುಟ್ಟುತ್ತದೆ. ಬ್ರೆಜಿಲ್ಲಿನ ರಿಯೋ ನಗರದ ವಿಶ್ವವಿದ್ಯಾಲಯವೊಂದರ ‘ರಿಯೋಬಾಟ್ಜ್’ ತಂಡದವರು ಹೊಸಬರಿಗೆ ಒಂದು ಸೂತ್ರವನ್ನು ಹೇಳಿಕೊಟ್ಟಿದ್ದಾರೆ: ತೂಕದ ಶೇಕಡಾ ೩೦ ಭಾಗ ಚಲನೆಗೆ, ೩೦ ಆಯುಧಕ್ಕೆ, ೨೫ ಚೌಕಟ್ಟು ಮತ್ತು ಕವಚಕ್ಕೆ, ೧೫ ಬ್ಯಾಟರಿ ಮತ್ತು ವಿದ್ಯುದುಪಕರಣಗಳಿಗೆ. ನಮ್ಮ ತರುಣರ ೧೫ ಕಿಲೋದ ಯಂತ್ರಕ್ಕೆ ಇದನ್ನು ಅನ್ವಯಿಸಿದರೆ ಚಲನೆಗೆ ನಾಲ್ಕೂವರೆ ಕಿಲೋ, ಆಯುಧಕ್ಕೆ ನಾಲ್ಕೂವರೆ, ಕವಚಕ್ಕೆ ಮೂರೂಮುಕ್ಕಾಲು, ಬ್ಯಾಟರಿಗೆ ಎರಡೂಕಾಲು. ಇದು ಬಡವನ ಮನೆಯ ತಿಂಗಳ ಲೆಕ್ಕದಂತೆ. ಒಂದು ಕಡೆ ಕೈ ಬಿಚ್ಚಿದರೆ ಇನ್ನೊಂದು ಕಡೆ ಉಪವಾಸ.

ಆಯುಧಗಳಲ್ಲಿ ಹಲವು ಬಗೆ: ಗಾಳಿಯ ಒತ್ತಡದಿಂದ ಎದುರಾಳಿಯನ್ನು ಮಗುಚುವುದು, ದ್ರವದ ಒತ್ತಡದಿಂದ ಹಿಚುಕುವುದು, ಸುತ್ತಿಗೆಯಿಂದ ಹೊಡೆಯುವುದು. ಆದರೆ ಕಾಲಕ್ರಮದಲ್ಲಿ ಮೇಲುಗೈ ಪಡೆದುದು ಗಿರಕಿ ಹೊಡೆಯುವ ಉಕ್ಕಿನ ಪಟ್ಟಿ ಅಥವಾ ಚಕ್ರ. ಕಾರಣವು ಭೌತಶಾಸ್ತ್ರದ ಮೊದಲ ಪಾಠಗಳಲ್ಲಿದೆ. ತಿರುಗುವ ವಸ್ತುವಿನ ವೇಗ ಇಮ್ಮಡಿಯಾದರೆ ಅದರಲ್ಲಿ ಕೂಡಿರುವ ಶಕ್ತಿ ನಾಲ್ಮಡಿಯಾಗುತ್ತದೆ. ತೂಕ ಬದಲಾಗದೆ ಪಟ್ಟಿಯ ಉದ್ದ ಇಮ್ಮಡಿಯಾದರೂ, ವೇಗ ಅಷ್ಟೇ ಇದ್ದ ಪಕ್ಷದಲ್ಲಿ, ಶಕ್ತಿ ನಾಲ್ಮಡಿಯಾಗುತ್ತದೆ. ತಕ್ಕಡಿಯು ತೂಕವನ್ನು ಮಾತ್ರ ತೂಗುತ್ತದೆ, ವೇಗವನ್ನು ತೂಗುವುದಿಲ್ಲ. ಎರಡು ಹಲ್ಲಿನ ಟಗರಿಗೆ ಹೆಚ್ಚು ಮೈ ತುಂಬಿಸಿದವನ ಜಾಣತನವೇ ಇಲ್ಲಿ ಬೇರೊಂದು ರೂಪದಲ್ಲಿ ಕಾಣುತ್ತದೆ.

ವೇಗವನ್ನು ಎಷ್ಟಾದರೂ ಹೆಚ್ಚಿಸಬಹುದೆಂದೂ ಅಲ್ಲ. ಚಕ್ರವು ನಿಮಿಷಕ್ಕೆ ೬೦೦೦ ಸುತ್ತು ತಿರುಗುತ್ತದೆಂದು ಇಟ್ಟುಕೊಳ್ಳಿರಿ. ಅಂದರೆ ಸೆಕೆಂಡಿಗೆ ನೂರು. ಅದಕ್ಕೆ ಎರಡು ಹಲ್ಲುಗಳಿದ್ದರೆ ಸೆಕೆಂಡಿಗೆ ಇನ್ನೂರು ಸಲ ಹಲ್ಲು ಹಾಯುತ್ತದೆ. ಯಂತ್ರವು ಸೆಕೆಂಡಿಗೆ ನಾಲ್ಕು ಮೀಟರ್ ವೇಗದಿಂದ ಮೇಲೆ ಬಿದ್ದರೆ ಒಂದು ಹಲ್ಲಿಗೂ ಮುಂದಿನ ಹಲ್ಲಿಗೂ ನಡುವೆ ಎದುರಾಳಿಯ ಮೈ ಒಳಸರಿಯುವುದು ೨೦ ಮಿಲಿಮೀಟರ್ ಮಾತ್ರ. ಕಚ್ಚು ಅಷ್ಟೇ ಆಳ. ಒಂದೇ ಹಲ್ಲಿಟ್ಟರೆ ಅದು ೪೦ ಮಿಲಿಮೀಟರ್ ಆಗುತ್ತದೆ. ವೇಗ ಮಿತಿಮೀರಿದರೆ ಚಕ್ರವು ಕಚ್ಚದೆ ಕವಚವನ್ನು ಸವರಿಕೊಂಡು ಹೋಗುತ್ತದೆ. ಇದರ ಮೇಲೆ, ನಿಲುವಾಗಿ ತಿರುಗುವ ಚಕ್ರವುಳ್ಳ ಯಂತ್ರವು ರಭಸದಿಂದ ಪಕ್ಕಕ್ಕೆ ಹೊರಳಿದಾಗ ಬುಗುರಿಯ ಧರ್ಮದಿಂದ ಅದರ ಒಂದು ಮಗ್ಗುಲು ನೆಲ ಬಿಟ್ಟೇಳುತ್ತದೆ. ಗಂಗಾವತಿಯ ಮೇಸ್ತ್ರಿಯು ಈ ಲೆಕ್ಕಗಳನ್ನು ಕಲಿತವನಲ್ಲ. ಆದರೂ ಎರಡು ಹಲ್ಲಿನಲ್ಲಿ ಒಂದನ್ನು ತೆಗೆದು ಅದರ ಎದುರಿಗೆ ಸಮತೂಕದ ಗುಂಡನ್ನು ಇಡಿರೆಂದು ಮೊದಲ ದಿನವೇ ಹೇಳಿದ್ದನಂತೆ. ತರುಣರು ಅವನ ಮಾತನ್ನು ಕೇಳಲಿಲ್ಲ.

ಕಟ್ಟುಪಾಡು ಯಂತ್ರವನ್ನು ಕಟ್ಟುತ್ತದೆಂಬುದಕ್ಕೆ ಅತ್ಯಂತ ಸ್ಪಷ್ಟವಾದ ಸಾಕ್ಷಿ ೨೦೦೧ರ ಬ್ಯಾಟಲ್‌ಬಾಟ್ಸ್‌ನಲ್ಲಿ ದೊರೆಯುತ್ತದೆ. ಗಾಲಿಯಿಲ್ಲದೆ ಕಾಲುಗಳಿಂದ ನಡೆಯುವ ಯಂತ್ರವನ್ನು ಕಟ್ಟುವುದು ಕಷ್ಟವೆಂದು ಅಂಥವಕ್ಕೆ ಒಂದೂವರೆಪಟ್ಟು ತೂಕವನ್ನು ಅನುಮತಿಸಿದ್ದರು. ‘ಸನ್ ಆಫ್ ವಯಾಚಿ’ ಎಂಬ ಯಂತ್ರದ ನಿರ್ಮಾಪಕರು ತಿರುಗುವ ಅಚ್ಚಿನಿಂದ ಏರಿಳಿಯುವ ಪಾದಗಳನ್ನು ಅಳವಡಿಸಿದರು. ಕಾಯಿದೆಯ ಅಕ್ಷರಕ್ಕೆ ಅದು ನಡಿಗೆ, ಕಣ್ಣಿಗೆ ಹೆಚ್ಚುಕಡಿಮೆ ಉರುಳುವಿಕೆ. ಉಳಿದ ತೂಕವನ್ನೆಲ್ಲ ಅವರು ಗಿರಕಿಯ ಆಯುಧಕ್ಕೆ ಸುರಿದರು. ಅದು ‘ಬಯೋಹಜಾರ್ಡ್’ ಎಂಬ ಹೆಸರಾಂತ ಯಂತ್ರವನ್ನು ಅಂತಿಮ ಕಾಳಗದಲ್ಲಿ ಸೋಲಿಸಿ ಹೆವಿವೇಟ್ ವರ್ಗವನ್ನು ಗೆದ್ದಿತು. ಮುಂದೆ ವ್ಯವಸ್ಥಾಪಕರು ನಿಯಮವನ್ನೇ ತಿದ್ದಿದರು. ಅಂಥ ಪಾದಗಳಿಗೆ ಹೆಚ್ಚಿನ ತೂಕದ ಸೌಲಭ್ಯ ತಪ್ಪಿತು. ಇದನ್ನು ಮೋಸವೆನ್ನುವವರಿದ್ದಾರೆ. ನನಗೆ ಹಾಗೆ ತೋರುವುದಿಲ್ಲ.

ನೋಡುವವರ ಪಾಲೂ ಇದರಲ್ಲಿ ಸಣ್ಣದಲ್ಲ. ೧೯೯೫ರಲ್ಲಿ ಜೇಮಿ ಹೈನಮನ್ ಮತ್ತು ಆಡಂ ಸ್ಯಾವೇಜ್ ತಂದ ‘ಬ್ಲೆಂಡೋ’ ಎಂಬ ಗಿರಕಿಯ ಯಂತ್ರವು ಪ್ರೇಕ್ಷಕರಿಗೆ ಅಪಾಯವೆಂದು ಕಣದಿಂದ ಹೊರಗಾಯಿತು. ಯಾವ ಆಯುಧವೂ ಇಲ್ಲದೆ ಇಳಿಜಾರು ಹಲಗೆಯಾಗಿ ಎದುರಾಳಿಯ ಅಡಿಗೆ ನುಗ್ಗಿ ತಳ್ಳುವ ಯಂತ್ರ ಕಟ್ಟುವುದಕ್ಕೆ ಸುಲಭ, ಮುರಿಯುವುದು ಕಷ್ಟ. ನೋಡುವುದಕ್ಕೆ ಮಾತ್ರ ಬೇಸರ. ೨೦೧೫ರಲ್ಲಿ ಬ್ಯಾಟಲ್‌ಬಾಟ್ಸ್ ಮರಳಿ ಬಂದಾಗ ಪ್ರತಿ ಯಂತ್ರಕ್ಕೂ ಚಾಲನೆಯುಳ್ಳ ಆಯುಧ ಇರಲೇಬೇಕೆಂದು ವಿಧಿಸಲಾಯಿತು. ಇತ್ತೀಚಿನ ನಿಯಮಗಳಂತೆ ಮೂರು ನಿಮಿಷಗಳ ಕಾಳಗ ನಿರ್ಣಯವಾಗದೆ ಉಳಿದರೆ ಪ್ರತಿ ತೀರ್ಪುಗಾರನ ಕೈಯಲ್ಲಿ ೧೧ ಅಂಕಗಳಿರುತ್ತವೆ: ಹಾನಿಗೆ ೫, ಆಕ್ರಮಣಕ್ಕೆ ೩, ಹತೋಟಿಗೆ ೩. ಹಾನಿಗೆ ಹೆಚ್ಚು ಅಂಕವಿಟ್ಟ ಕಣದಲ್ಲಿ ಗಿರಕಿಯ ಯಂತ್ರಗಳು ಹೆಚ್ಚುವುದು ಸಹಜವೇ ಅಲ್ಲವೆ? ಬಿ.ಬಿ.ಸಿ.ಯ ಕಣದಲ್ಲಿ ‘ಸರ್ ಕಿಲ್ಲಲಾಟ್’ ಮೊದಲಾದ ಮನೆಯ ಯಂತ್ರಗಳು ಸ್ಪರ್ಧಿಗಳ ತೂಕದ ಮಿತಿಗೆ ಒಳಪಡದೆ ಮೂಲೆಗಳಲ್ಲಿ ಕಾದಿರುತ್ತಿದ್ದುವು. ಅವನ್ನು ಕಂಡಾಗಲೆಲ್ಲ ನನಗೆ ನೆನಪಾಗುವುದು ಅರಸನ ಪಟ್ಟದಾನೆ. ಸರಿಜೋಡಿಯ ನಿಯಮ ಸ್ಪರ್ಧಿಗಳಿಗೆ, ಕಣದ ಒಡೆಯನಿಗಲ್ಲ.

ತರುಣನ ಪ್ರಶ್ನೆಗೆ ನಾನು ಕೊಟ್ಟ ಉತ್ತರವು ಇಷ್ಟರಲ್ಲಿ ಸ್ಪಷ್ಟವಾಗಿರಬಹುದು. ತಕ್ಕಡಿಯನ್ನು ಇಂಥವರೇ ತಂದರೆಂದು ಒಬ್ಬನ ಹೆಸರನ್ನು ಹೇಳುವುದಕ್ಕಿಂತ, ಅದರ ಜಾಗದಲ್ಲಿ ಹಿಂದೆ ಜಟ್ಟಿಯ ಮೈಕಟ್ಟೂ, ಕತ್ತಿಯ ಅಳತೆಯೂ, ಟಗರಿನ ಹಲ್ಲೂ ನಿಂತಿದ್ದುವೆಂದು ತೋರಿಸಿದೆನು. ಅವನು ಎಲ್ಲವನ್ನೂ ಕೇಳಿ, ಸೋಮೇಶ್ವರನ ಗ್ರಂಥದಲ್ಲಿ ಕವಚದ ದಪ್ಪದ ಮಾತೇನಾದರೂ ಉಂಟೇ ಎಂದನು! ಹರಿದ ಹಲಗೆಯನ್ನು ಅವನು ನಮ್ಮ ವಿಭಾಗದಲ್ಲಿಯೇ ಬಿಟ್ಟುಹೋಗಿದ್ದಾನೆ. ಹನ್ನೊಂದು ರಂಧ್ರಗಳಿವೆ. ಹರಿತವು ಮೂರನೆಯದರಿಂದ ಪ್ರಾರಂಭವಾಗಿದೆ. ಮುಂದಿನ ಸ್ಪರ್ಧೆಗೆ ಅವರು ಮೇಸ್ತ್ರಿಯ ಮಾತಿನಂತೆ ಒಂದೇ ಹಲ್ಲಿನ ಚಕ್ರವನ್ನು ಕಡೆಸುತ್ತಿದ್ದಾರೆ. ಈ ಸಲ ತೂಕವನ್ನು ಗಂಗಾವತಿಯಲ್ಲಿಯೇ, ಅಕ್ಕಿ ತೂಗುವ ತಕ್ಕಡಿಯ ಮೇಲೆ, ಮೊದಲೇ ನೋಡಿಕೊಳ್ಳುತ್ತಾರಂತೆ.